ತಂತಿಯಿಲ್ಲದ ಮುಳ್ಳು

ದೆವ್ವ ನೋಡಿದವರು, ಕನಸಿನಲ್ಲಿ ಸೂಚನೆ ಸಿಕ್ಕವರು ತಮ್ಮ ಕಥೆ ಶುರು ಮಾಡಿದರೆ ನಾನು ನೀರು ಕುಡಿಯುವ ನೆವ ಹೇಳಿ ಎದ್ದು ಹೋಗುತ್ತಿದ್ದೆ. ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಇಡೀ ಸರ್ವೀಸು ಕಳೆದವನು ನಾನು. ವೋಲ್ಟ್‌ಮೀಟರು, ಆಮೀಟರುಗಳ ಮುಳ್ಳು ನೋಡಿ ನೋಡಿಯೇ ಕಣ್ಣಿಗೆ ಕನ್ನಡಕ ಬಂತು. ಮುಳ್ಳು ಏಳಬೇಕಾದರೆ ಕರೆಂಟು ಹರಿಯಬೇಕು, ಕರೆಂಟು ಹರಿಯಬೇಕಾದರೆ ತಂತಿ ಇರಬೇಕು. ಇದರಲ್ಲಿ ನಂಬುವ, ಬಿಡುವ ಮಾತೇ ಇಲ್ಲವೆಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ್ದೇನೆ. ಹಾಗಿರುವ ನಾನೇ ಈಗ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ನೀರು ಕುಡಿಯಲು ಎದ್ದು ಹೋದರೂ ನನ್ನದೇನೂ ಅಡ್ಡಿಯಿಲ್ಲ.

ಇದು ನಮ್ಮ ಅತ್ತಿಗೆಯ ವ್ಯಾನಿನ ವಿಷಯ. ಅಣ್ಣನಿಗೆ ಚಾಮರಾಜಪುರಂನಲ್ಲಿ ಚಿಕ್ಕದೊಂದು ಪ್ರಿಂಟಿಂಗ್ ಪ್ರೆಸ್ ಇತ್ತು. ಮದುವೆಯ ಕರೆಯೋಲೆಯನ್ನೂ ಜನ ಮೊಬೈಲಿನಲ್ಲೇ ಕಳಿಸತೊಡಗಿದ ಮೇಲೆ ಅದು ಮುಚ್ಚಿಹೋಯಿತು. ಅಣ್ಣ ತಲೆ ಮೇಲೆ ಕೈಹೊತ್ತು ಕೂತರು. ಅತ್ತಿಗೆ ಕೂರಲಿಲ್ಲ. ಅದುವರೆಗೆ ಸ್ಕೂಟರನ್ನೂ ಮುಟ್ಟದಿದ್ದ ಆಕೆ ಡ್ರೈವಿಂಗ್ ಕಲಿತು, ಯಾರೋ ಓಡಿಸಿ ಬಿಟ್ಟಿದ್ದ ಹಳೆಯ ವ್ಯಾನು ಕೊಂಡು, ಹಿನಕಲ್ ಕಡೆಯ ಮಕ್ಕಳನ್ನು ಸರಸ್ವತಿಪುರಂನ ಶಾಲೆಗೆ ಬಿಟ್ಟು ಕರೆತರುವ ಕೆಲಸ ಹಿಡಿದರು. ಮನೆ ನಡೆಯುತ್ತಿದ್ದದ್ದು ಆ ವ್ಯಾನಿನಿಂದಲೇ. ಅಣ್ಣ ಕ್ರಮೇಣ ಮೇಲೆದ್ದು ಅಡುಗೆಮನೆ ವಹಿಸಿಕೊಂಡರು. ಜೊತೆಗೆ ದಿನಾ ಬೆಳಿಗ್ಗೆ ಸೇವಂತಿಗೆಯ ಹಾರ ಕಟ್ಟಿ, ತಾವೇ ಹೋಗಿ ವ್ಯಾನಿನ ಮುಂದಿನ ಜಾಲರಿಗೆ ಬಿಗಿದು ಬರುತ್ತಿದ್ದರು. ದೇವರಿಗೆ ಏರಿಸಿದ ಹೂವನ್ನು ಕಿತ್ತು ಎಸೆಯಬಾರದೆಂದು, ಬಾಡಿದ ಹಾರದ ಮೇಲೆಯೇ ಹೊಸದನ್ನು ಕಟ್ಟುವುದು ಅವರ ಪದ್ಧತಿ. ಹಳೆಯದು ತಾನಾಗಿ ಉದುರಿ ಹೋಗುತ್ತಿತ್ತು. ಹೆಂಡತಿ ದುಡಿಯಲು ಹೊರಟಾಗ ತಾನು ಮಾಡಬಹುದಾದದ್ದು ಅದೊಂದೇ ಎಂದು ಅವರಿಗೆ ಅನ್ನಿಸಿತ್ತೋ ಏನೋ.

ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಮೀಟರು ಆ ವ್ಯಾನಿನಲ್ಲಿ ಹೆಸರಿಗಷ್ಟೇ ಇತ್ತು. ಅದರ ಬಿಡಿಭಾಗ ಸಿಗುವುದಿಲ್ಲವೆಂದು ಹಿಂದಿನ ಮಾಲೀಕರು ತಂತಿಯನ್ನೇ ತೆಗೆಸಿ ಹಾಕಿದ್ದರು. ಕೊಂಡ ದಿನದಿಂದ ಆ ಮುಳ್ಳು ತಣ್ಣಗಿನ ಗುರುತಿನ ಮೇಲೆ ಸತ್ತು ಮಲಗಿತ್ತು. ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲೇ. ಹಾಗಾಗಿ ಸೀಟು ಕಾದರೆ ತಿಳಿಯುತ್ತದಲ್ಲ ಎಂದು ಅತ್ತಿಗೆ ಅದರ ಗೊಡವೆಗೆ ಹೋಗಿರಲಿಲ್ಲ.

ಕೆಲವು ವರ್ಷ ವ್ಯಾನು ಚೆನ್ನಾಗಿಯೇ ಓಡಿತು. ಆಮೇಲೆ ಕಾಯಲು ಶುರುವಾಯಿತು. ಒಂದು ಸಲ ರಿಂಗ್ ರೋಡಿನಲ್ಲಿ ಮಕ್ಕಳನ್ನು ತುಂಬಿಕೊಂಡು ಬರುವಾಗ ಹಬೆ ಎದ್ದು ನಿಂತಿತು. ಸ್ವಲ್ಪ ದಿನಕ್ಕೆ ಅದೇ ಜಾಗದ ಹತ್ತಿರ ಮತ್ತೆ ನಿಂತಿತು. ಹಿನಕಲ್‌ನ ಮೆಕ್ಯಾನಿಕ್ ಒಳ್ಳೆಯವರು, ಕೆಲಸ ಬಲ್ಲವರು. ಥರ್ಮೋಸ್ಟಾಟ್ ತೆಗೆದು ನೋಡಿದರು, ನೀರು ತಳ್ಳುವ ಪಂಪು ಬದಲಿಸಿದರು, ರೇಡಿಯೇಟರಿನ ಒಳಗನ್ನು ತೊಳೆಸಿದರು, ಮುಚ್ಚಳ ಹೊಸದು ಹಾಕಿದರು. ಗ್ಯಾರೇಜಿನಲ್ಲಿ ಎಷ್ಟು ಹೊತ್ತು ಓಡಿಸಿದರೂ ಎಂಜಿನ್ ತಣ್ಣಗೇ ಇರುತ್ತಿತ್ತು. ಕೊನೆಗೆ ಅವರು, "ಎಂಜಿನ್ನೇ ಇಳಿಸಿ ನೋಡ್ಬೇಕಾಯ್ತದೆ ಅಕ್ಕಾ. ಈ ಹಳೇ ಗಾಡಿಗೆ ಅಷ್ಟು ಮಾಡೋದಕ್ಕಿಂತ ಗುಜರಿಗೆ ಕೊಡೋದೇ ವಾಸಿ" ಅಂದರು. ಇತ್ತ ಮಕ್ಕಳ ತಂದೆತಾಯಿಯರೂ ಇನ್ನೊಮ್ಮೆ ಗಾಡಿ ನಿಂತರೆ ಬೇರೆ ವ್ಯಾನು ನೋಡಿಕೊಳ್ಳುತ್ತೇವೆ ಎಂದುಬಿಟ್ಟರು. ಅವರದೂ ತಪ್ಪಲ್ಲ.

ಅತ್ತಿಗೆ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. "ಊರೊಳಗೆ ಸುತ್ತೋವಾಗ ಏನೂ ಆಗಲ್ಲ, ಎಂಜಿನ್‌ಗೆ ಭಾರ ಬಿದ್ದಾಗ ಮಾತ್ರ ಕಾಯುತ್ತೆ. ಭಾನುವಾರ ಬೆಟ್ಟ ಹತ್ತಿಸಿ ನೋಡ್ಬುಡ್ತೀನಿ. ಕೆಟ್ಟರೆ ಮಕ್ಕಳಿಲ್ಲದಾಗ ಕೆಡಲಿ. ಅವತ್ತೂ ಕಾದ್ರೆ ಸೋಮವಾರ ಗುಜರಿಗೆ" ಅಂದರು. ಆಕೆಯ ಈ ಲೆಕ್ಕಾಚಾರ ನನಗೆ ಬಹಳ ಮೆಚ್ಚಿಕೆಯಾಯಿತು. ಒಂದೊಂದನ್ನೇ ಬಿಡಿಸಿ ನೋಡುವ ಆ ಬುದ್ಧಿ ನನ್ನ ಲ್ಯಾಬಿಗೆ ಬರುತ್ತಿದ್ದ ಎಷ್ಟೋ ವಿದ್ಯಾರ್ಥಿಗಳಿಗೆ ಇರಲಿಲ್ಲ. ನಾನೂ ಬರುತ್ತೇನೆ ಎಂದು ಹೊರಟೆ.

ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಅಣ್ಣ ಅವತ್ತೂ ಹಾರ ಕಟ್ಟಿದ್ದರು, ಅವತ್ತು ಸ್ವಲ್ಪ ದಪ್ಪನಾಗಿಯೇ. ಚಾಮುಂಡಿ ಬೆಟ್ಟದ ರಸ್ತೆ ಹಿಡಿದು ಒಂದೆರಡು ತಿರುವು ಏರುವ ತನಕ ನಾನು ಏನೇನೋ ಹರಟುತ್ತಿದ್ದೆ. ಅತ್ತಿಗೆ ಹೂಂಗುಟ್ಟುವುದನ್ನು ನಿಲ್ಲಿಸಿದರು.

"ಮುಳ್ಳು ಏಳ್ತಿದೆ ನೋಡೋ," ಅಂದರು.

ನೋಡಿದೆ. ಏಳುತ್ತಿತ್ತು. ಗಕ್ಕನೆ ನೆಗೆದದ್ದಲ್ಲ. ನಿದ್ದೆ ತಿಳಿದವರು ಏಳುವ ಹಾಗೆ ಸಾವಕಾಶವಾಗಿ ಎದ್ದು, ನಡುವಿನ ಗೆರೆ ದಾಟಿ, ಕೆಂಪು ಪಟ್ಟಿಯ ಕಡೆಗೆ ಹೋಗುತ್ತಿತ್ತು. ಸೀಟು ಕಾದಿರಲಿಲ್ಲ. ವಾಸನೆಯಿಲ್ಲ, ಹಬೆಯಿಲ್ಲ. ಎಂಜಿನ್ನಿನ ಸದ್ದಿನಲ್ಲೂ ವ್ಯತ್ಯಾಸವಿರಲಿಲ್ಲ.

"ಅದಕ್ಕೆ ತಂತಿನೇ ಇಲ್ಲವಲ್ಲ ಅತ್ತಿಗೆ," ಅಂದೆ.

"ಗೊತ್ತು ಕಣೋ. ಆದ್ರೂ ನಿಲ್ಲಿಸ್ತೀನಿ."

ವ್ಯಾನನ್ನು ಬದಿಗೆ ತಂದು ಚಾವಿ ತಿರುಗಿಸಿದರು. ಮುಳ್ಳು ಕೆಳಗೆ ಬಿತ್ತು. ನಾವು ಇಳಿದು ಮುಂದೆ ಹೋಗುವಷ್ಟರಲ್ಲಿ ಅಡಿಯಿಂದ ಕುದಿಯುವ ಸದ್ದು ಬಂತು, ಹಿಂದೆಯೇ ಹಬೆ ಎದ್ದಿತು. ಇನ್ನು ಸ್ವಲ್ಪ ದೂರ ಏರಿಸಿದ್ದರೆ ಎಂಜಿನ್ನಿನ ಮೇಲ್ಭಾಗದ ಹೆಡ್ಡೇ ಬಿರುಕು ಬಿಡುತ್ತಿತ್ತೆಂದು ಆಮೇಲೆ ಮೆಕ್ಯಾನಿಕ್ ಹೇಳಿದರು. ಆಗ ಗುಜರಿ ಬಿಟ್ಟು ಬೇರೆ ದಾರಿ ಇರುತ್ತಿರಲಿಲ್ಲ.

ನನಗೆ ಮುಳ್ಳಿನದೇ ಧ್ಯಾನ. ಅತ್ತಿಗೆಗೆ ಗಾಡಿಯದು. ಚಾವಿಯನ್ನು ಅರ್ಧ ತಿರುಗಿಸಿ ಫ್ಯಾನು ಓಡಲು ಬಿಟ್ಟು, ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಆ ಹೊತ್ತಿನಲ್ಲಿ ಮುಳ್ಳು ಮತ್ತೆ ಎದ್ದಿದೆಯೇ ಎಂದು ನಾನು ಒಳಗೆ ಇಣುಕಿದೆ. ತಣ್ಣಗಿನ ಗುರುತಿನ ಮೇಲೆ ಮಲಗಿತ್ತು.

"ಬಾ ಇಲ್ಲಿ. ಫ್ಯಾನು ತಿರುಗ್ತಿದೆ ತಾನೆ?" ಅತ್ತಿಗೆ ಕೇಳಿದರು. ತಿರುಗುವ ಸದ್ದು ಕೇಳಿಸುತ್ತಿತ್ತು. "ಮತ್ತೆ ಈ ಹಾರದ ದಾರ ಯಾಕೆ ಅಲ್ಲಾಡ್ತಿಲ್ಲ? ಗಾಳಿ ಒಳಗೆ ಎಳೀಬೇಕಲ್ವಾ?"

ಹಾರದ ತುದಿಯಲ್ಲಿ ಜೋತಿದ್ದ ಬಾಳೆನಾರಿನ ಎಳೆ ನಿಂತಲ್ಲೇ ನಿಂತಿತ್ತು. ಅತ್ತಿಗೆ ಅಂಗೈ ಅಡ್ಡ ಹಿಡಿದು ನೋಡಿದರು, ನನಗೂ ಹಿಡಿಯಲು ಹೇಳಿದರು. ಒಂದಿಷ್ಟೂ ಸೆಳೆತವಿಲ್ಲ. ಫ್ಯಾನು ನಿಲ್ಲಿಸಿ, ಡಬ್ಬಿಯಿಂದ ಸ್ಕ್ರೂಡ್ರೈವರ್ ತಂದು, ಜಾಲರಿ ಬಿಚ್ಚಿದರು. ಜಾಲರಿಗೂ ರೇಡಿಯೇಟರಿಗೂ ನಡುವೆ ವರ್ಷಗಳ ಸೇವಂತಿಗೆ ಎಸಳು ಧೂಳಿನ ಜೊತೆ ಕಲೆತು, ಹಳೆಯ ಕಂಬಳಿಯಂತೆ ದಪ್ಪಗೆ ಮೆತ್ತಿಕೊಂಡಿತ್ತು. ಉದುರಿದ ಹಾರಗಳು ಹೋಗುತ್ತಿದ್ದದ್ದು ಅಲ್ಲಿಗೆ. ಗ್ಯಾರೇಜಿನಲ್ಲಿ ಒಳಗನ್ನು ತೊಳೆಸಿದ್ದರೇ ಹೊರತು, ಹೂ ಕಟ್ಟಿದ್ದ ಜಾಲರಿಯನ್ನು ಬಿಚ್ಚಲು ಯಾರಿಗೂ ಮನಸ್ಸು ಬಂದಿರಲಿಲ್ಲ.

ಅತ್ತಿಗೆ ಅದನ್ನು ಚಾಪೆ ಸುತ್ತಿದಂತೆ ಸುತ್ತಿ ಹೊರಗೆಳೆದರು. ರಸ್ತೆ ಬದಿಯ ಕಲ್ಲಿನ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. "ಉಸಿರು ಕಟ್ಟಿಸಿಬಿಟ್ಟಿದ್ವಲ್ಲೋ ಪಾಪ ಇದಕ್ಕೆ," ಅಂದರು. ಕಲ್ಲಿನಿಂದ ಏಳುತ್ತಾ, "ನಿಮ್ಮಣ್ಣನಿಗೆ ಹೇಳ್ಬೇಡ ಕಣೋ" ಅಂದರು.

ಎಂಜಿನ್ ತಣಿದ ಮೇಲೆ ನೀರು ತುಂಬಿಸಿ, ಬೆಟ್ಟದ ತುದಿಯವರೆಗೂ ಹೋಗಿ ಬಂದೆವು. ಸೀಟು ಬೆಚ್ಚಗಾಗಲೂ ಇಲ್ಲ. ದಾರಿಯುದ್ದಕ್ಕೂ ನಾನು ಮುಳ್ಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅದು ಅಲುಗಾಡಲಿಲ್ಲ.

ಮನೆಗೆ ಬಂದವನೇ ಮೀಟರನ್ನು ಬಿಚ್ಚಿದೆ. ಕತ್ತರಿಸಿದ ತಂತಿಯ ತುದಿ ಎಲ್ಲೋ ಕಬ್ಬಿಣಕ್ಕೆ ತಾಗಿದರೆ ಮುಳ್ಳು ಮೇಲೇಳುವುದುಂಟು. ಹಾಗೇ ಆಗಿರಬೇಕೆಂದು ನನ್ನ ಅಂದಾಜು. ಆದರೆ ಮೀಟರಿನ ಹಿಂಬದಿಯಲ್ಲಿ ತಂತಿ ಸಿಕ್ಕಿಸುವ ಜಾಗ ಬೋಳಾಗಿತ್ತು. ತುಂಡು ತಂತಿಯೂ ಇರಲಿಲ್ಲ, ಧೂಳು ಕೂಡ ಕದಲಿರಲಿಲ್ಲ. ವ್ಯಾನು ಕುಲುಕಿ ಎದ್ದಿರಬಹುದೆಂದು ಎಷ್ಟೋ ಸಲ ಕುಲುಕಿಸಿ ನೋಡಿದೆ. ಬಿಸಿಲಿಗೆ ನಿಲ್ಲಿಸಿ ನೋಡಿದೆ. ಏನೂ ಆಗಲಿಲ್ಲ. ಇದನ್ನೆಲ್ಲ ನಾನೊಬ್ಬನೇ ನೋಡಿದ್ದರೆ ಕಣ್ಣಿನ ದೋಷವೆಂದು ಬಿಟ್ಟುಬಿಡುತ್ತಿದ್ದೆ. ಮೊದಲು ನೋಡಿದ್ದು ಅತ್ತಿಗೆ.

ಇಂದಿಗೂ ನನ್ನನ್ನು ಮುಳ್ಳಿಗಿಂತ ಹೆಚ್ಚು ಬೆರಗುಗೊಳಿಸುವುದು ಅತ್ತಿಗೆಯೇ. ಆ ಮುಳ್ಳಿಗೆ ಜೀವವಿಲ್ಲವೆಂದು ನನ್ನಷ್ಟೇ ಆಕೆಗೂ ಗೊತ್ತಿತ್ತು. ಗೊತ್ತಿದ್ದೂ ನಿಲ್ಲಿಸಿದರು, ನಿಲ್ಲಿಸಿದ ಮೇಲೆ ಅದನ್ನು ಪವಾಡ ಅಂತ ಕೈಮುಗಿದು ಕೂರದೆ ಕಾರಣ ಹುಡುಕಿದರು. ಅಣ್ಣನಿಗೆ ಹೇಳಿದ್ದು ಇಷ್ಟೇ: "ಇನ್ಮೇಲೆ ಹಾರ ಬೇಡ ಕಣ್ರೀ, ಒಂದೇ ಹೂ ಕೊಡಿ. ಒಳಗೆ ನನ್ನ ಕಣ್ಮುಂದೆ ಇಟ್ಕೋತೀನಿ." ಅಣ್ಣ ಹಿಗ್ಗಿಹೋದರು. ಈಗ ಇದನ್ನು ಬರೆಯಲು ಅತ್ತಿಗೆಯ ಅಪ್ಪಣೆ ಪಡೆದಿದ್ದೇನೆ, ಅಣ್ಣ ಓದಿದರೆ ಓದಲಿ.

ಆ ವ್ಯಾನು ಇನ್ನೂ ಮಕ್ಕಳನ್ನು ಹೊತ್ತು ಓಡುತ್ತಿದೆ. ಮೀಟರಿಗೆ ತಂತಿ ಹಾಕಿಸೋಣವೆಂದು ಮೆಕ್ಯಾನಿಕ್ ಹೇಳಿದಾಗ ಅತ್ತಿಗೆ ಬೇಡವೆಂದರು. ಯಾಕೆಂದು ನಾನು ಕೇಳಲಿಲ್ಲ. ಮೊನ್ನೆ ಬೆಳಿಗ್ಗೆ ಅವರ ಜೊತೆ ಹೊರಟಾಗ, ಅವಸರದಲ್ಲಿ ಹೂವು ಅಡುಗೆಮನೆಯಲ್ಲೇ ಉಳಿದಿತ್ತು. ಅತ್ತಿಗೆ ಆಗಲೇ ಎಂಜಿನ್ ಶುರು ಮಾಡಿದ್ದರು. ನಾನು ಒಂದು ನಿಮಿಷ ಎಂದು ಇಳಿದು, ಒಳಗೆ ಹೋಗಿ, ಸೇವಂತಿಗೆ ತಂದು ಆ ಮುಳ್ಳಿನ ಮುಂದೆ ಇಟ್ಟೆ. ಅತ್ತಿಗೆ ನನ್ನ ಮುಖವನ್ನೊಮ್ಮೆ ನೋಡಿ ಗೇರು ಹಾಕಿದರು.