ಬ್ರೇಕಿಗೆ ಎಣ್ಣಿ ಹಚ್ಚಿದಾಕಿ

ನನ್ನ ಗಂಡನ ಮನೆಯ ಕಡೆ ನನಗೊಂದು ಹೆಸರಿದೆ. ಮದುವೆ, ಕುಬುಸ, ತೊಟ್ಟಿಲು, ಯಾವುದಕ್ಕೆ ಹೋದರೂ ಯಾರೋ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಅದನ್ನು ಹೇಳುತ್ತಾರೆ. ಬ್ರೇಕಿಗೆ ಎಣ್ಣಿ ಹಚ್ಚಿದಾಕಿ. ಹೇಳಿದವರು ನಗುತ್ತಾರೆ, ಕೇಳಿದವರು ನನ್ನ ಕಡೆ ತಿರುಗಿ ನೋಡುತ್ತಾರೆ. ಈಚೆಗೆ ನನ್ನ ಮೊಮ್ಮಕ್ಕಳೂ ಅದನ್ನೊಂದು ಕಥೆ ಮಾಡಿಕೊಂಡು ಗೆಳೆಯರ ಮುಂದೆ ಹೇಳುವುದನ್ನು ಕೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಮ್ಮ ಊರು ನವಲಗುಂದದಿಂದ ಒಳಗೆ. ಊರಿನಲ್ಲಿ ಬಾಡಿಗೆ ಕಾರು ಇದ್ದದ್ದು ನಮ್ಮದೊಂದೇ, ದುಂಡು ಮೂತಿಯ ಹಳೆಯ ಗಾಡಿ. ಬಸುರಿಯರನ್ನು ಹುಬ್ಬಳ್ಳಿಗೆ ಒಯ್ಯುವುದು, ಬೀಗರನ್ನು ಕರೆತರುವುದು, ಹತ್ತಿ ವ್ಯಾಪಾರಿಗಳನ್ನು ಊರೂರು ತಿರುಗಿಸುವುದು, ಎಲ್ಲಕ್ಕೂ ಅದೇ. ಗಂಡನೇ ಓಡಿಸುತ್ತಿದ್ದ. ಗಾಡಿಯಿಂದ ಇಳಿದು ಮನೆಯೊಳಗೆ ಕಾಲಿಟ್ಟರೆ ಅವನ ಬಾಯಿಂದ ಆಗಾಗ ಒಂದು ಮಾತು ಬರುತ್ತಿತ್ತು: "ಬ್ರೇಕಿಗೆ ಎಣ್ಣಿ ಹಾಕಸ್ಬೇಕು." ಅದು ಪೈಪಿನೊಳಗೆ ಹೋಗುವ ಬೇರೆ ಎಣ್ಣೆ, ಡಬ್ಬಿಯಲ್ಲಿ ಬರುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ನಾವು ಹೆಂಗಸರು ಕೇಳಿ ಕೇಳಿ, ಬಂಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಬ್ರೇಕಿಗೂ ಎಣ್ಣೆ ಹಾಗೆ ಎಂದು ತಿಳಿದಿದ್ದೆವು.

ಆ ವರ್ಷದ ಮಳೆಗಾಲದಲ್ಲಿ ಬೆಣ್ಣಿಹಳ್ಳದ ನೀರು ದಾಟಿ ಬಂದ ಗಾಡಿ ಬ್ರೇಕು ಹಿಡಿಯದೆ ಬಸ್‌ಸ್ಟ್ಯಾಂಡಿನ ಪಾನಂಗಡಿಯ ಬೆಂಚಿಗೆ ಹೋಗಿ ತಾಗಿತು. ಬೆಂಚಿನ ಮೇಲೆ ಕುಳಿತಿದ್ದವರು ಧೋತರ ಎತ್ತಿಕೊಂಡು ಓಡಿದರು. ಯಾರಿಗೂ ಏನೂ ಆಗಲಿಲ್ಲ, ಆದರೆ ಎಲ್ಲರೂ ನಕ್ಕರು. ನನ್ನ ಗಂಡ ಪೆಟ್ಟು ತಡೆದುಕೊಳ್ಳುತ್ತಿದ್ದ, ಜನರ ನಗುವನ್ನು ತಡೆದುಕೊಳ್ಳುವವನಲ್ಲ. ಹತ್ತಿ ವ್ಯಾಪಾರಿಯೊಬ್ಬನ ಹೊಸ ನಮೂನೆಯ ಕಾರು, ಬ್ರೇಕು ಒತ್ತಿದ ಜಾಗದಲ್ಲೇ ನಿಲ್ಲುತ್ತದೆ ಎಂದು ಎಲ್ಲೋ ನೋಡಿ ಬಂದ. ಅಲ್ಲಿಂದ ಅವನಿಗೆ ಅದೇ ಧ್ಯಾನ.

ಒಂದು ದಿನ ಹುಬ್ಬಳ್ಳಿಯ ಗುಜರಿಯಿಂದ ಗೋಣಿಚೀಲದಲ್ಲಿ ಸಾಮಾನು ಹೊತ್ತು ತಂದ. ಎಲ್ಲೋ ಬಡಿದು ನುಗ್ಗಾಗಿದ್ದ ಹೊಸ ನಮೂನೆಯ ಕಾರಿನಿಂದ ಬಿಚ್ಚಿದ ಬ್ರೇಕು. ನಮ್ಮ ಗಾಡಿಯಲ್ಲಿ ಬ್ರೇಕು ಕಬ್ಬಿಣದ ಬೋಗುಣಿಯೊಳಗೆ ಮುಚ್ಚಿಕೊಂಡಿರುತ್ತಿತ್ತು, ಹೊರಗೆ ಕಾಣುತ್ತಿರಲಿಲ್ಲ. ಇದು ಹಾಗಲ್ಲ. ಗಾಲಿಯ ಹಿಂದೆ ಬಯಲಾಗಿಯೇ ಒಂದು ಕಬ್ಬಿಣದ ತಾಟು, ಅದನ್ನು ಎರಡೂ ಕಡೆಯಿಂದ ಹಿಡಿಯಲು ಒಂದು ದಪ್ಪನೆಯ ಇಕ್ಕಳ. ಮಿಸ್ತ್ರಿ ಅದಕ್ಕೆ ಕ್ಯಾಲಿಪರ್ ಅನ್ನುತ್ತಿದ್ದ. ಮಿಸ್ತ್ರಿ ನವಲಗುಂದದವನು, ನಮ್ಮ ಅಂಗಳದಲ್ಲೇ ಕೆಲಸ ಹಿಡಿದ. ಒಂದು ಗಾಡಿಯ ತೂತು ಇನ್ನೊಂದಕ್ಕೆ ಕೂಡಲಿಲ್ಲ. ದಪ್ಪ ಕಬ್ಬಿಣದ ಪಟ್ಟಿ ಕೊಯ್ಯಿಸಿ, ತೂತು ಹೊಡೆಸಿ, ಅದರ ಮೇಲೆ ಕೂಡಿಸಿದ. ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಾ ಅವರ ಮಾತು ಕೇಳುತ್ತಿದ್ದೆ.

"ಅಣ್ಣಾರ, ಇದನ್ನ ಹಾಕಿದ ಮ್ಯಾಲೆ ಪೆಡಲ್ ಬುಡದಾಗಿನ ಸಿಲಿಂಡರ್‌ನೂ ಬದಲ ಮಾಡ್ಬೇಕ್ರಿ," ಅಂದ ಮಿಸ್ತ್ರಿ. "ಹಳೇದು ಪೈಪಿನಾಗ ಒಂಚೂರು ಒತ್ತಡ ಹಿಡಕೊಂಡ ಇರತೈತಿ. ನೀವು ಕಾಲ ತಗದ್ರೂ ಇದರ ಇಕ್ಕಳ ಪೂರಾ ಬಿಡೂದಿಲ್ಲ. ತಿಕ್ಕೋತನ ಇರತೈತಿ."

"ತಿಕ್ಕಲಿ ಬಿಡು. ಬ್ರೇಕ್ ಅಂದ್ರ ಹಿಡಿಯೂದ ಅಲ್ಲೇನು ಅದರ ಕೆಲಸ?"

"ಕಾದು ಹೋಗತೈತ್ರಿ. ಭಾಳ ಕಾದ್ರ ಪೆಡಲ್ ತಳಕ್ಕ ಹೋಗಿಬಿಡತೈತಿ."

"ಲೇ, ನೀ ಮೊದಲ ಇದನ್ನ ಕೂಡ್ಸು."

ಮಿಸ್ತ್ರಿ ಇನ್ನೊಮ್ಮೆ ಹೇಳಿ ನೋಡಿದ. ಆಮೇಲೆ ಬೀಡಿ ಹಚ್ಚಿಕೊಂಡು ಹೇಳಿದಷ್ಟು ಮಾಡಿದ.

ಬ್ರೇಕು ಹಿಡಿಯಿತು, ಇಲ್ಲ ಅನ್ನುವುದಿಲ್ಲ. ಪಾನಂಗಡಿಯ ಮುಂದೆ ಜೋರಾಗಿ ಬಂದು ಗಕ್ಕನೆ ನಿಲ್ಲಿಸುವುದೇ ಅವನಿಗೊಂದು ಆಟವಾಯಿತು. ಆದರೆ ಒಂದು ಸಂಜೆ ಅವನು ಹುಬ್ಬಳ್ಳಿಯಿಂದ ಬಂದು ಗಾಡಿ ನಿಲ್ಲಿಸಿದಾಗ ನಾನು ಅಕ್ಕಿ ತೊಳೆದ ನೀರು ಚೆಲ್ಲಲು ಹೊರಗೆ ಬಂದೆ. ನಾಲ್ಕು ಹನಿ ಮುಂದಿನ ಗಾಲಿಗೆ ಸಿಡಿದವು. ಕಾದ ಹಂಚಿನ ಮೇಲೆ ಬಿದ್ದಂತೆ ಚುರ್ ಅಂದವು.

"ಗಾಲಿ ಕಾದೈತ್ರಿ," ಅಂದೆ.

"ಓಡಿ ಬಂದ ಗಾಡಿ ಕಾಯೂದಿಲ್ಲೇನು?"

"ಹಿಂದಿನ ಗಾಲಿ ತಣ್ಣಗ ಐತಲ್ರಿ."

"ನೀ ಹೋಗಿ ರೊಟ್ಟಿ ಬಡಿ."

ಹೋಗಿ ರೊಟ್ಟಿ ಬಡಿದೆ.

ದಸರೆಯ ಖಂಡೆ ಪೂಜೆ ಬಂತು. ನಮ್ಮ ಮನೆಯಲ್ಲಿ ಆ ದಿನ ಕುಡುಗೋಲು, ಕೊಡಲಿ, ಕುಂಟೆಯ ಕುಡ, ಕಬ್ಬಿಣ ಅಂತ ಏನಿದೆಯೋ ಎಲ್ಲವನ್ನೂ ತೊಳೆದು, ತುಕ್ಕು ಹಿಡಿಯಬಾರದೆಂದು ಕುಸುಬಿ ಎಣ್ಣೆ ಸವರಿ, ಮೇಲೆ ವಿಭೂತಿ ಎಳೆದು ಕುಂಕುಮ ಇಡುವುದು. ಪ್ರತಿ ವರ್ಷ ಕಾರಿಗೆ ಮೂತಿಯ ಮೇಲೆ ಹೂವಿನ ಹಾರ ಹಾಕಿದರೆ ಮುಗಿಯುತ್ತಿತ್ತು. ಈ ಸಲ ಗಂಡ ಮುಂದಿನ ಎರಡೂ ಗಾಲಿ ಬಿಚ್ಚಿ, ಗಾಡಿಯನ್ನು ಕಲ್ಲಿನ ಮೇಲೆ ನಿಲ್ಲಿಸಿದ. ಹೊಸ ಬ್ರೇಕು ಊರಿಗೆ ಕಾಣಬೇಕಲ್ಲ. ಕಾಯಿ, ನಿಂಬೆಹಣ್ಣು ತಂದಿದ್ದ. ಓಣಿಯ ಗಂಡಸರು ಸುತ್ತ ನಿಂತಿದ್ದರು, ಇವನು ನಡುವೆ ನಿಂತು ಇಕ್ಕಳ ಹೇಗೆ ಹಿಡಿಯುತ್ತದೆ ಎಂದು ಕೈಯಲ್ಲಿ ಮಾಡಿ ತೋರಿಸುತ್ತಿದ್ದ.

ನಾನು ಕುಡುಗೋಲು ಮುಗಿಸಿ ಬಂದೆ. ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದಳು.

"ಹೊಸಾ ಕಬ್ಬಿಣ ಐತಿ, ಅದನ್ನ ಹಂಗ ಬಿಟ್ಟೀಯಲ್ಲ," ಅಂದಳು. "ಎಣ್ಣಿ ಸವರಬೇ."

ತಿಳಿಯದ ವಸ್ತು ಎಂದು ಗಂಡನನ್ನು ಕೇಳಿದೆ. "ಇದಕ್ಕೂ ಹಚ್ಚಲೇನ್ರಿ?"

ಅವನು ಮಾತಿನ ಭರದಲ್ಲಿದ್ದ. ನನ್ನನ್ನೂ ನೋಡಿದ, ಎಣ್ಣೆಯ ಬಟ್ಟಲನ್ನೂ ನೋಡಿದ. "ಹಚ್ಚು, ಹಚ್ಚು. ಆ ಬಾಜೂದಕ್ಕೂ ಹಚ್ಚು," ಅಂದ. ಎರಡೂ ತಾಟಿಗೆ ಹಚ್ಚಿದೆ. ಅಷ್ಟೂ ಗಂಡಸರು ನೋಡುತ್ತಾ ನಿಂತಿದ್ದರು. ಒಬ್ಬನೂ ಬೇಡ ಅನ್ನಲಿಲ್ಲ.

ಮರುದಿನ ಗಾಡಿ ತೆಗೆದಾಗ ಬ್ರೇಕು ಜಾರಿತು, ಗಾಲಿಯಿಂದ ಹೊಗೆ ಬಂತು. ಊರ ಹೊರಗಿನವರೆಗೆ ಮೆಲ್ಲಗೆ ಹೋಗಿ ಬಂದ. ಬಂದವನು ಸಿಟ್ಟಿಗೇನೂ ಏಳಲಿಲ್ಲ. "ನಿನ್ನ ಎಣ್ಣಿ ಎಲ್ಲಾ ಸುಟ್ಟು ಹೋತು ನೋಡು. ಈಗ ಮೊದಲಿನಂಗ ಹಿಡಿತೈತಿ," ಅಂದು ನಕ್ಕ. ಈ ಮಾತು ಅವನ ಬಾಯಿಂದಲೇ ಬಂದದ್ದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದು. ಅದಾದ ಮೇಲೆ ಗಾಡಿ ಎರಡು ಸಲ ಹುಬ್ಬಳ್ಳಿಗೆ ಹೋಗಿ ಬಂತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು.

ಶೀಗಿ ಹುಣ್ಣಿಮೆಗೆಂದು ನನ್ನ ನಾದಿನಿಯನ್ನು ಕರೆತರಲು ಹೋದ. ಅವನ ಅಕ್ಕ. ಅವಳನ್ನು ಯರಗುಪ್ಪಿಗೆ ಕೊಟ್ಟಿತ್ತು. ಯರಗುಪ್ಪಿಯಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಊರಿಗೆ, ಎಲ್ಲೂ ನಿಲ್ಲಿಸದೆ ಓಡಿಸಿಕೊಂಡು ಬಂದ. ಹಳ್ಳದ ಇಳುಕಲಿನಲ್ಲಿ ಎದುರು ಎಮ್ಮೆಗಳು ಬಂದವು. ಬ್ರೇಕು ಒತ್ತಿದರೆ ಪೆಡಲು ತಳಕ್ಕೆ ಹೋಯಿತು. ಗಾಡಿ ರಸ್ತೆ ಬಿಟ್ಟು ಬೇವಿನ ಮರಕ್ಕೆ ಬಡಿಯಿತು. ಅವನ ಹಣೆ ಒಡೆಯಿತು. ಮುಂದಿನ ಸೀಟಿನಲ್ಲಿದ್ದ ನಾದಿನಿಯ ಬಲಗೈ ಮುರಿಯಿತು.

ಅವಳ ಕೈಗೆ ಪಟ್ಟು ಹಾಕಿಸಿ ಮನೆಗೆ ತಂದ ದಿನ ಪಡಸಾಲೆ ತುಂಬಾ ಜನ. ಹೇಗಾಯಿತು, ಏನಾಯಿತು ಎಂದು ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ಗಂಡ "ಪೆಡಲ್ ತಳಕ್ಕ ಹೋತು" ಎಂದಷ್ಟೇ ಹೇಳುತ್ತಿದ್ದ. ಮುದುಕನೊಬ್ಬ, "ಗುಜರಿ ಸಾಮಾನ ಹಾಕಿದ್ರ ಮತ್ತೇನಾಕೈತೋ ತಮ್ಮಾ," ಅಂದ. ಗಂಡನ ಮುಖ ಸಣ್ಣದಾಯಿತು. ಆಗ ನಾದಿನಿ ಕೇಳಿದಳು, "ಪೂಜಿ ದಿನ ಬ್ರೇಕಿಗೆ ಎಣ್ಣಿ ಹಚ್ಚಿದ್ರಂತಲ್ಲ, ಯಾರು ಹಚ್ಚಿದ್ರು?"

"ಇಕಿನ ಹಚ್ಚಿದ್ಲು," ಅಂದಳು ಅತ್ತೆ.

ಎಲ್ಲರೂ ನನ್ನನ್ನು ನೋಡಿದರು. ನಾನು ಗಂಡನನ್ನು ನೋಡಿದೆ. ಅವನು ನೆಲ ನೋಡುತ್ತಾ, "ಹೂಂ, ಅದಕ್ಕ ಇರಬೇಕು," ಅಂದ.

ಆ ಹೆಸರು ಅಂದಿನಿಂದ ನನ್ನದು. ಗುಜರಿಯ ಸುದ್ದಿ ಅಲ್ಲಿಗೇ ಮುಗಿಯಿತು. ಸಾಲೆಯಲ್ಲಿ ನನ್ನ ಮಗಳಿಗೆ, "ನಿಮ್ಮವ್ವ ಇವತ್ತ ಯಾವುದಕ್ಕ ಎಣ್ಣಿ ಹಚ್ಚಿದ್ಲು?" ಎಂದು ಕೇಳುತ್ತಿದ್ದರು. ಅವಳು ಅತ್ತುಕೊಂಡು ಬರುತ್ತಿದ್ದಳು. ಓಣಿಯಲ್ಲಿ ಒಬ್ಬರು ಹೊಸ ಟ್ರ್ಯಾಕ್ಟರು ತಂದರು. ಮುತ್ತೈದೆಯರನ್ನೆಲ್ಲ ಆರತಿಗೆ ಕರೆದರು. ನಾನೂ ಹೋದೆ. ಆರತಿ ತಟ್ಟೆ ನನ್ನ ಹತ್ತಿರ ಬರುವಾಗ ಆ ಮನೆಯ ಹಿರಿಯಳು ಅದನ್ನು ಮೆಲ್ಲಗೆ ಆಚೆ ಸರಿಸಿದಳು. "ನೀ ಕುಂದರಬೇ, ನಿನಗ್ಯಾಕ ತ್ರಾಸು," ಅಂದಳು. ಒಳ್ಳೆಯ ಮಾತಿನಲ್ಲೇ ಹೇಳಿದಳು. ನಾದಿನಿಯ ಕೈ ಸೊಟ್ಟಗೆ ಕೂಡಿಕೊಂಡಿತು. ಬಂದಾಗಲೆಲ್ಲ ಆ ಕೈಯಿಂದಲೇ ನೀರಿನ ಚರಿಗೆ ಇಸಿದುಕೊಳ್ಳುತ್ತಿದ್ದಳು, ನನ್ನ ಮುಖ ನೋಡುತ್ತಾ.

ಗಾಡಿಯ ಮೂತಿ ಬಡಿಸಿ ನೆಟ್ಟಗೆ ಮಾಡಿದ ಮೇಲೆ ಮಿಸ್ತ್ರಿ ಮತ್ತೆ ಅಂಗಳಕ್ಕೆ ಬಂದ. ಬೆಳಿಗ್ಗೆಯಿಂದ ಬಗ್ಗಿಕೊಂಡು ತಾಟು, ಇಕ್ಕಳ ಎರಡನ್ನೂ ಬಿಚ್ಚಿ ಗೋಣಿಚೀಲಕ್ಕೆ ಹಾಕಿದ. ಹಳೆಯ ಬೋಗುಣಿ ಬ್ರೇಕು ತಿರುಗಿ ಕೂಡಿಸತೊಡಗಿದ. ನಾನು ಚಹಾ ಒಯ್ದು ಅಲ್ಲೇ ನಿಂತೆ.

"ಮಿಸ್ತ್ರಿ, ಒಂದ್ ಮಾತು ಕೇಳ್ತೀನಿ. ತಪ್ಪು ನನ್ನ ಎಣ್ಣಿದ ಆಗಿದ್ರ ಒರಸಿ ತಿರಗಿ ಹಾಕಿದ್ರ ಆತಲ್ಲ. ಪೂರಾ ಯಾಕ ಬಿಚ್ಚಾಕತ್ತಿ?"

ಅವನು ನಟ್ಟು ತಿರುವುವುದನ್ನು ನಿಲ್ಲಿಸಿದ. ಪಾನಾ ಹಿಡಿದುಕೊಂಡು, ಬಾಜೂ ನಿಂತಿದ್ದ ನನ್ನ ಗಂಡನ ಕಡೆ ನೋಡಿದ.

"ಅವತ್ತ ನೀನ ಹೇಳಿದ್ದಿ, ಕಾದು ಹೋಗತೈತಿ ಅಂತ," ಅಂದೆ. "ನಾ ಇಲ್ಲೇ ಕುಂತು ಕೇಳೇನಿ."

"ಅಕ್ಕಾರ, ಎಣ್ಣಿ ಬಿದ್ರೂ ಹಿಂಗ ಆಗೂದ ಇರತೈತ್ರಿ," ಅಂದ ಮಿಸ್ತ್ರಿ. ಅವನ ಹೊಟ್ಟೆಪಾಡೂ ಅದರಲ್ಲೇ ಇತ್ತು. ತಾನು ಕೂಡಿಸಿದ ಬ್ರೇಕು ಹೋಯಿತು ಅನ್ನುವುದಕ್ಕಿಂತ ಇನ್ನೊಬ್ಬರ ಮನೆಯ ಹೆಂಗಸು ಕೆಡಿಸಿದಳು ಅನ್ನುವುದು ಅವನಿಗೂ ಹಗುರ.

"ಒಳಗ ನಡಿ," ಅಂದ ಗಂಡ.

ಆ ದಿನ ಅವನಿಗೆ ಊಟಕ್ಕೆ ನೀಡುವಾಗ ಕೇಳಿದೆ. ಮದುವೆಯಾದ ಮೇಲೆ ಅವನನ್ನು ನಾನು ಕೇಳಿದ್ದು ಬಹಳ ಇಲ್ಲ. "ನಿಮ್ಮವ್ವನ ಮುಂದ, ನಿಮ್ಮಕ್ಕನ ಮುಂದ ಒಂದ ಸಲ ಹೇಳ್ರಿ. ಎಣ್ಣಿ ಮರುದಿನಾನ ಸುಟ್ಟು ಹೋಗಿತ್ತು, ಹಾಳಾದದ್ದು ನಾ ಕೂಡ್ಸಿದ ಬ್ರೇಕು ಅಂತ. ಊರಿಗೆ ಹೇಳೂದ ಬ್ಯಾಡ."

ಅವನು ರೊಟ್ಟಿ ಮುರಿಯುತ್ತಾ ಕುಳಿತ. ಸುಳ್ಳು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಮರೆಯುತ್ತಿದ್ದೆ.

"ಅಕ್ಕಗ ಹೇಳಿದ್ರ ಯರಗುಪ್ಪಿಗೆ ಹೇಳಿದಂಗ, ಅವ್ವಗ ಹೇಳಿದ್ರ ಊರಿಗೆ ಹೇಳಿದಂಗ," ಅಂದ. "ಆಮ್ಯಾಲೆ ನನ್ನ ಗಾಡ್ಯಾಗ ಯಾರು ಕೂಡ್ತಾರ? ನೀ ಏನ್ ಗಾಡಿ ಹೊಡಿಯಾಕಿ ಅಲ್ಲ, ಏನಲ್ಲ. ನಿನ್ನ ಹೆಸರು ಕೆಟ್ರ ಯಾರ ಬಾಡಿಗಿ ತಪ್ಪತೈತಿ?"

"ಮಗಳು ದಿನಾ ಅಳತಾಳ್ರಿ."

"ನಾಕ ದಿನ ಅಂತಾರ, ಬಿಡ್ತಾರ. ಪಲ್ಯ ನೀಡು."

ಪಲ್ಯ ನೀಡಿದೆ. ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಅವನು ಹೇಳಿದ್ದನ್ನು ಭಾಂಡೆ ತಿಕ್ಕುವಾಗ, ಬಟ್ಟೆ ಒಗೆಯುವಾಗ ತಿರುವಿ ತಿರುವಿ ನೋಡಿದೆ. ನನ್ನ ಹೆಸರು ಕೆಟ್ಟರೆ ಬಾಡಿಗೆ ತಪ್ಪುವುದಿಲ್ಲ, ಅವನ ಹೆಸರು ಕೆಟ್ಟರೆ ತಪ್ಪುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು.

ಕಟ್ಟಿಗೆಯ ಹೊಗೆಗೆ ನನ್ನ ಕಣ್ಣು ಕೆಂಪಾಗಿ ಹುಬ್ಬಳ್ಳಿಯ ದವಾಖಾನೆಗೆ ತೋರಿಸುವುದಿತ್ತು. ಅವನ ಗಾಡಿ ಅಂದು ಬಾಡಿಗೆಯ ಮೇಲೆ ಹುಬ್ಬಳ್ಳಿಗೇ ಹೊರಟಿತ್ತು. ಮೊದಲು ಇಂಥ ದಿನ ನಾನು ಮುಂದಿನ ಸೀಟಿನ ಸಂದಿಯಲ್ಲಿ ಕುಳಿತು ಹೋಗುತ್ತಿದ್ದೆ. ಅಂದು ಹೋಗಲಿಲ್ಲ. ಇಳಕಲ್ಲ ಸೀರೆ ಉಟ್ಟು, ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದು ಹೋಗಿ ನಿಂತೆ. ಪಾನಂಗಡಿಯ ಬೆಂಚಿನ ತುಂಬಾ ಜನರಿದ್ದರು.

"ಯಾಕಬೇ, ಕಾರಿನ ಮಾಲಕಿ ಆಗಿ ಬಸ್ಸಿಗೆ ನಿಂತೀಯಲ್ಲ," ಅಂದ ಪಾನಂಗಡಿಯವನು.

"ಜೀವ ಬೇಕಾಗೇತೋ," ಅಂದೆ.

ಅಷ್ಟರಲ್ಲಿ ಗಂಡನ ಗಾಡಿ ಬಂತು. ಒಳಗೆ ತಿರ್ಲಾಪುರದ ಕಡೆಯ ಒಂದು ಮನೆಯವರು, ಒಬ್ಬ ಮುದುಕಿ, ಅವಳ ಮಗ, ಸೊಸೆ. ನನ್ನನ್ನು ನೋಡಿ ನಿಲ್ಲಿಸಿದ. ಕಿಟಕಿಯಿಂದ ಬಗ್ಗಿ, "ಹತ್ತು, ಜಾಗಾ ಐತಿ," ಅಂದ.

"ಒಲ್ಲೆ."

"ಹುಬ್ಬಳ್ಳಿಗೇ ಹೊಂಟೀನಿ, ಹತ್ತಲೇ."

"ನಿಮ್ಮ ಗಾಡ್ಯಾಗ ನಾ ಕೂಡೂದಿಲ್ರಿ. ನನಗ ಆ ಬ್ರೇಕಿನ ಮ್ಯಾಲೂ ನಂಬಿಗಿಲ್ಲ, ನಿಮ್ಮ ಮ್ಯಾಲೂ ನಂಬಿಗಿಲ್ಲ."

ಕೂಗಿ ಹೇಳಲಿಲ್ಲ, ಎಲ್ಲರಿಗೂ ಕೇಳುವಷ್ಟು ಹೇಳಿದೆ. ಬೆಂಚಿನ ಮೇಲೆ ಯಾರೂ ನಗಲಿಲ್ಲ. ಒಳಗಿದ್ದ ಮುದುಕಿ ಕಿಟಕಿಗೆ ಮುಖ ತಂದು ನನ್ನನ್ನು ನೋಡಿದಳು, ಆಮೇಲೆ ಅವನ ಬೆನ್ನನ್ನು ನೋಡಿದಳು.

"ಆಕಿ ಯಾರಪಾ?" ಎಂದು ಕೇಳಿದಳು.

ಅವನು ಕಿಟಕಿಯಿಂದ ತಲೆ ಒಳಗೆ ಎಳೆದುಕೊಂಡ. ಪಾನಂಗಡಿಯವನು ಹೇಳಿದ, "ಅವನ ಹೇಣ್ತಿರಿ ಅಜ್ಜಿ."

ಮುದುಕಿ ಬಾಗಿಲ ಹಿಡಿಕೆಗೆ ಕೈ ಹಾಕಿದಳು. ಮಗ ಏನೋ ಹೇಳಿ ತಡೆಯಲು ನೋಡಿದ. "ಮನ್ಯಾಕಿನ ಹತ್ತವಲ್ಲಳು, ನಾ ಯಾಕ ಕುಂದರ್ಲಿ?" ಅಂದು ಇಳಿದೇ ಬಿಟ್ಟಳು. ಮಗ ಸೊಸೆ ಹಿಂದೆ ಇಳಿದರು. ಖಾಲಿ ಗಾಡಿಯನ್ನು ಅವನು ಮನೆಯ ಕಡೆ ತಿರುಗಿಸಿಕೊಂಡು ಹೋದ. ಬಸ್ಸಿನಲ್ಲಿ ಮುದುಕಿ ನನ್ನ ಬಾಜೂ ಕುಳಿತು ಹುಬ್ಬಳ್ಳಿಯವರೆಗೂ ತೂಕಡಿಸಿದಳು.

ಮುಂದೆ ಬಾಡಿಗೆ ಕಡಿಮೆಯಾಯಿತು. ನವಲಗುಂದದಿಂದ ಬೇರೆ ಗಾಡಿ ಕರೆಸುವವರಾದರು. ಹಳೆಯ ಬ್ರೇಕು ತಿರುಗಿ ಹಾಕಿದ್ದ, ಗಾಡಿ ಸರಿಯಾಗಿಯೇ ನಿಲ್ಲುತ್ತಿತ್ತು, ಅದು ನನಗೂ ಗೊತ್ತಿತ್ತು. ಆದರೂ ನಾನು ಪ್ರತಿ ಸಲ ಬಸ್ಸಿಗೇ ನಿಂತೆ. ಬಾಡಿಗೆ ಇಲ್ಲದ ತಿಂಗಳು ಮನೆಯಲ್ಲಿ ಎಲ್ಲರಿಗೂ ಊಟ ಕಡಿಮೆಯಾಯಿತು, ನನಗೂ ಮಗಳಿಗೂ ಸೇರಿ. ನನಗೆ ಅದರಿಂದ ಸುಖವೇನೂ ಆಗಲಿಲ್ಲ. ಅತ್ತೆ ನನ್ನನ್ನು ಮನೆಮುರುಕಿ ಅಂದಳು, ಅದು ಎರಡನೆಯ ಹೆಸರು. ಒಂದು ದಿನ ಗಂಡ ಅಂಗಳದಲ್ಲಿ ಕುಳಿತು, "ನಿನಗ ಏನ ಬೇಕಾಗೇತಿ ಹೇಳಿಬಿಡು," ಅಂದ.

"ಅವತ್ತ ಹೇಳೇನಲ್ರಿ. ಒಂದು ಮಾತು."

ಅವನು ಎದ್ದು ಹೋದ. ಆ ಒಂದು ಮಾತು ಹೇಳುವುದಕ್ಕಿಂತ ಕಾರು ಮಾರುವುದು ಅವನಿಗೆ ಸುಲಭವಾಯಿತು. ಆ ಸುಗ್ಗಿಗೆ ಮಾರಿದ.