ಕೆಂಪು ದಾರದ ಜಗ್ಗು

೧೯೮೫ರ ಜನವರಿ. ನಾವು ಆಗ ಕಾಪುವಿನಲ್ಲಿದ್ದೆವು. ನಿಮ್ಮ ಅಜ್ಜ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದರು, ನಾನು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದೆ. ನಿಮ್ಮ ಅಮ್ಮ ಸುಜಾತಾಳಿಗೆ ಐದು ವರ್ಷ. ಅವಳಿಗೆ ಯೋಗೀಶನೆಂಬ ತಮ್ಮನೊಬ್ಬ ಇದ್ದ, ಹನ್ನೊಂದು ತಿಂಗಳಿಗೆ ಭೇದಿಯಾಗಿ ತೀರಿಕೊಂಡ ಎಂದು ನಿಮಗೆ ಹೇಳಿದ್ದೇನೆ. ಉಳಿದದ್ದನ್ನು ನಿಮ್ಮ ಅಜ್ಜನಿಗೂ ಹೇಳಿರಲಿಲ್ಲ.

ಎರಡು ದಿನ ವಾಂತಿ, ಭೇದಿ ನಿಲ್ಲದೆ ಮಗುವಿನ ಕಣ್ಣು ಒಳಗೆ ಹೋದ ಮೇಲೆ ಉಡುಪಿಯ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಅದರ ಹೆಸರು ಬರೆಯುವುದಿಲ್ಲ, ಏಕೆಂದರೆ ತಪ್ಪು ಅವರದ್ದಲ್ಲ. ಅಲ್ಲಿನ ಮಕ್ಕಳ ಡಾಕ್ಟರು ಘಟ್ಟದ ಮೇಲಿನವರು, ಮೆತ್ತಗೆ ಮಾತನಾಡುತ್ತಿದ್ದರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದರು: "ಅಮ್ಮಾ, ಇದು ವೈರಸ್ಸಿನಿಂದ ಬರುವ ಭೇದಿ. ಇದಕ್ಕೆ ಇಂಜೆಕ್ಷನ್ ಇಲ್ಲ. ಮೈಯಿಂದ ಹೋದ ನೀರನ್ನು ಬಾಯಿಯಿಂದಲೇ ತುಂಬಿಸಬೇಕು. ನಮ್ಮಲ್ಲಿ ಎರಡು ಬಗೆಯ ನೀರಿದೆ. ಒಂದರಲ್ಲಿ ಮಾಮೂಲಿ ಉಪ್ಪು, ಸಕ್ಕರೆ. ಇನ್ನೊಂದರಲ್ಲಿ ಅದರ ಜೊತೆಗೆ ಅಮೈನೋ ಆಸಿಡ್ ಅಂತ ಸೇರಿಸಿದ್ದೇವೆ. ಬೇಳೆ, ಮೀನಿನಲ್ಲಿರುವ ಸತ್ವದ ಒಂದು ಚೂರು ಅಂತ ತಿಳಿದುಕೊಳ್ಳಿ. ಯಾವುದು ಹೆಚ್ಚು ಒಳ್ಳೆಯದು ಅಂತ ನಮಗಿನ್ನೂ ಗೊತ್ತಿಲ್ಲ. ಅದನ್ನೇ ಪರೀಕ್ಷೆ ಮಾಡುತ್ತಿದ್ದೇವೆ. ನಿಮ್ಮ ಮಗುವಿಗೆ ಯಾವುದು ಬಂತು ಅಂತ ನನಗೂ ಗೊತ್ತಿರುವುದಿಲ್ಲ. ಬೇಡ ಅಂದರೆ ಬೇಡ, ಮಾಮೂಲಿ ಚಿಕಿತ್ಸೆ ಕೊಡುತ್ತೇವೆ. ಒಪ್ಪಿಗೆ ಇದೆಯಾ?"

ನಾನು ತಲೆ ತಗ್ಗಿಸಿಕೊಂಡು "ಹ್ಞೂಂ" ಎಂದೆ. ಐದನೇ ಕ್ಲಾಸು ಓದಿದವಳು, ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದೆ ಎಂಬ ಸಣ್ಣ ಹೆಮ್ಮೆಯೂ ಇತ್ತು. ಆದರೆ ಡಾಕ್ಟರಿಗೇ ಗೊತ್ತಿಲ್ಲ ಎಂಬ ಮಾತನ್ನು ನಾನು ನಂಬಲಿಲ್ಲ. ನಮ್ಮ ಕಡೆ ಡಾಕ್ಟರು ಎಂದರೆ ಎಲ್ಲ ಗೊತ್ತಿರುವವರು. ಗೊತ್ತಿಲ್ಲ ಎಂದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ ಮಾಡಿಕೊಂಡೆ.

ನರ್ಸಮ್ಮ ಬೆಳಿಗ್ಗೆ ಜಗ್ಗಿನಲ್ಲಿ ನೀರು ಕಲಸಿ ಇಡುತ್ತಿದ್ದರು. ನಮ್ಮ ಜಗ್ಗಿನ ಹಿಡಿಗೆ ಬಿಳಿ ದಾರ ಕಟ್ಟಿತ್ತು. ಪಕ್ಕದ ಮಂಚದ ಮಗು ರೋಶನ್‌ನ ಜಗ್ಗಿಗೆ ಕೆಂಪು ದಾರ. ಆ ಮಗುವಿನ ತಾಯಿ ಲೀನಾಬಾಯಿ, ಕೆಮ್ಮಣ್ಣು ಎಂಬ ಊರಿನವಳು. ಗಂಡ ಗಲ್ಫಿನಲ್ಲಿದ್ದ. ಅವಳು ಮಾತುಗಾರ್ತಿ. ಬಂದ ದಿನವೇ "ಎಂತ ಮಾರಾಯ್ತಿ, ಬಾಯಿಗೆ ಬೀಗ ಹಾಕಿಕೊಂಡು ಬಂದದ್ದಾ? ಕೀ ಗಂಡನ ಹತ್ತಿರ ಉಂಟಾ?" ಎಂದು ನಗಿಸಿದ್ದಳು. ತನ್ನ ಫ್ಲಾಸ್ಕಿನ ಚಹಾದಲ್ಲಿ ಅರ್ಧ ನನಗೇ ಕೊಡುತ್ತಿದ್ದಳು.

ಮಗುವಿಗೆ ಏನು ಕೊಡುವುದಿದ್ದರೂ ಮೊದಲು ತಾಯಿ ಒಂದು ಹನಿ ಅಂಗೈಗೆ ಹಾಕಿ ನೆಕ್ಕಿ ನೋಡುವುದು ನಮ್ಮ ಕ್ರಮ. ನಾನು ನಮ್ಮ ನೀರನ್ನು ನೆಕ್ಕಿದೆ, ಕಣ್ಣೀರಿನಂತೆ ಉಪ್ಪುಪ್ಪು. ಲೀನಾಬಾಯಿ ತನ್ನ ಜಗ್ಗಿನದ್ದು ಒಂದು ಹನಿ ನನ್ನ ಕೈಗೆ ಹಾಕಿ "ನಮ್ಮದು ಸಿಹಿ ಉಂಟು, ನೋಡಿ" ಎಂದಳು. ಹೌದು, ಸಿಹಿಯಾಗಿತ್ತು.

ಮರುದಿನ ಯೋಗೀಶ ಕಣ್ಣು ಬಿಟ್ಟ. ನನ್ನ ಬಳೆ ಹಿಡಿದು ಎಳೆದ. ಅಷ್ಟಕ್ಕೆ ನಾನು ಸುಮ್ಮನಿರಬೇಕಿತ್ತು. ಹನ್ನೊಂದು ಗಂಟೆಗೆ ಅತ್ತೆ ನೋಡಲು ಬಂದರು. ಅವರೂ ಎರಡೂ ಜಗ್ಗಿನದ್ದನ್ನು ನೆಕ್ಕಿ ನೋಡಿದರು.

"ಕಂಡೆಯಾ? ಗಲ್ಫಿನವರ ಮಗುವಿಗೆ ಸಿಹಿ ಮದ್ದು, ಬೀಡಿ ಕಟ್ಟುವವರ ಮಗುವಿಗೆ ಉಪ್ಪುನೀರು. ಹೋಗಿ ಕೇಳು."

"ಹೇಗೆ ಕೇಳುವುದು ಅತ್ತೆ, ಅವರು ಡಾಕ್ಟರು."

"ಹಾಗಾದರೆ ಅದನ್ನೇ ಕುಡಿಸು. ಬಾಯಿ ಇಲ್ಲದವರ ಮಕ್ಕಳಿಗೆ ಅಷ್ಟೇ ಸಿಗುವುದು."

ಅವರು ಹೋದ ಮೇಲೂ ಆ ಮಾತು ಹೋಗಲಿಲ್ಲ. ಡಾಕ್ಟರು ನನ್ನ ಮುಂದಿನಿಂದಲೇ ಎರಡು ಸಲ ಹಾದುಹೋದರು. ಕೇಳಲು ಬಾಯಿ ಬರಲಿಲ್ಲ. ಮಧ್ಯಾಹ್ನ ಲೀನಾಬಾಯಿ "ಸ್ವಲ್ಪ ರೋಶನ್‌ನನ್ನು ನೋಡಿಕೊಳ್ಳಿ" ಎಂದು ಸ್ನಾನಕ್ಕೆ ಹೋದಳು. ನಾನು ಎದ್ದು, ನಮ್ಮ ನೀರನ್ನು ಚೊಂಬಿಗೆ ಬಗ್ಗಿಸಿ, ಅವಳ ನೀರನ್ನು ನಮ್ಮ ಜಗ್ಗಿಗೆ ಸುರಿದು, ಚೊಂಬಿನದ್ದನ್ನು ಅವಳ ಜಗ್ಗಿಗೆ ಹಾಕಿದೆ. ದಾರಗಳು ಇದ್ದಲ್ಲೇ ಇದ್ದವು. ಬೆಳಿಗ್ಗೆಯೇ ನೆಕ್ಕಿ ನೋಡಿದ್ದ ಲೀನಾಬಾಯಿ ಮತ್ತೆ ನೋಡಲಿಲ್ಲ. ಕೇಳಲು ನಾಚಿಕೆಯಾದವಳಿಗೆ ಕದಿಯಲು ನಾಚಿಕೆಯಾಗಲಿಲ್ಲ.

ಯೋಗೀಶ ಸಿಹಿ ನೀರನ್ನು ಆಸೆಯಿಂದ ಕುಡಿದ. ನಾನು ಚಮಚದ ಮೇಲೆ ಚಮಚ ಕೊಟ್ಟೆ. ಸಂಜೆಗೆ ಭೇದಿ ಮತ್ತೆ ಹೆಚ್ಚಾಯಿತು. ಮದ್ದು ಕೆಟ್ಟದ್ದನ್ನು ಹೊರಗೆ ಹಾಕುತ್ತಿದೆ ಎಂದುಕೊಂಡು ಇನ್ನಷ್ಟು ಕೊಟ್ಟೆ. ಬೆಳಗಿನ ಹೊತ್ತಿಗೆ ಮೈ ಸುಡುತ್ತಿತ್ತು, ಕೈಕಾಲು ಸೆಟೆದುಕೊಳ್ಳತೊಡಗಿದವು.

ಡಾಕ್ಟರು ಓಡಿ ಬಂದು ಕೈಗೆ ಡ್ರಿಪ್ ಹಾಕಿದರು. ಆಮೇಲೆ ನನ್ನ ಹತ್ತಿರ ಬಗ್ಗಿ ಕೇಳಿದರು: "ಅಮ್ಮಾ, ಈ ಜಗ್ಗಿನದ್ದು ಬಿಟ್ಟು ಬೇರೆ ಏನಾದರೂ ಕೊಟ್ಟಿದ್ದೀರಾ? ನಾನು ಬೈಯುವುದಿಲ್ಲ. ಗೊತ್ತಾದರೆ ನನಗೆ ಸಹಾಯವಾಗುತ್ತದೆ."

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ಇನ್ನೊಮ್ಮೆ ಕೇಳಿದರು. ಲೀನಾಬಾಯಿ ಪಕ್ಕದಲ್ಲೇ ನಿಂತಿದ್ದಳು. ನಾನು ಮತ್ತೆ ಅಲ್ಲಾಡಿಸಿದೆ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಮಧ್ಯಾಹ್ನ ಮೂರು ಗಂಟೆಗೆ ಯೋಗೀಶ ತೀರಿಕೊಂಡ.

ರೋಶನ್ ಆಗ ಮಂಚದ ಸರಳು ಹಿಡಿದು ನಿಂತು ಬಿಸ್ಕತ್ತಿಗೆ ಅಳುತ್ತಿದ್ದ. ಲೀನಾಬಾಯಿ ಅವನನ್ನು ಅಳಲು ಬಿಟ್ಟು ನನ್ನನ್ನು ತಬ್ಬಿಕೊಂಡಳು. "ನಮ್ಮ ಸಿಹಿಯದ್ದರಲ್ಲಿ ಸ್ವಲ್ಪ ನಿಮ್ಮ ಮಗುವಿಗೂ ಕೊಡಬಹುದಿತ್ತು" ಎಂದಳು. "ಕೊಡಬೇಕು ಅಂತ ಮನಸ್ಸಿಗೆ ಬಂದಿತ್ತು. ನರ್ಸಮ್ಮ ಬೈಯುತ್ತಾರೆ ಅಂತ ಬಿಟ್ಟೆ. ನನ್ನನ್ನು ದೇವರು ಕ್ಷಮಿಸುವುದಿಲ್ಲ." ನಾನು ಅವಳ ಹೆಗಲಲ್ಲಿ ಮುಖವಿಟ್ಟು ಅತ್ತೆ. ಬಾಯಿ ಬಿಡಲಿಲ್ಲ.

ಎರಡು ವರ್ಷದ ಮೇಲೆ ಆದಿ ಉಡುಪಿಯ ಸಂತೆಯಲ್ಲಿ ಆ ನರ್ಸಮ್ಮ ಸಿಕ್ಕಿದರು. ನನ್ನ ಗುರುತು ಹಿಡಿದರು. ಕೆಂಪು ದಾರ ಯಾವುದಾಗಿತ್ತು ಎಂದು ಕೇಳುವಷ್ಟು ಧೈರ್ಯ ಅಂದು ಎಲ್ಲಿಂದ ಬಂತೋ. "ಅದೇ ಹೊಸದು. ಅದರಿಂದ ಹೆಚ್ಚೇನೂ ಪ್ರಯೋಜನ ಕಾಣಲಿಲ್ಲ ಅಂತೆ" ಎಂದರು. "ಕೆಲವು ಮಕ್ಕಳಿಗೆ ಭೇದಿ ಜಾಸ್ತಿಯೇ ಆಗುತ್ತಿತ್ತು. ಡಾಕ್ಟರು ಅದನ್ನು ನಿಲ್ಲಿಸಿದರು. ನಿಮ್ಮ ಮಗುವಿಗೆ ಮಾಮೂಲಿಯದ್ದೇ ಇತ್ತಲ್ವಾ, ಪಾಪ, ಅದು ಹೇಗೆ ಹಾಗಾಯಿತು ಅಂತ ಡಾಕ್ಟರು ತುಂಬಾ ದಿನ ತಲೆ ಕೆಡಿಸಿಕೊಂಡಿದ್ದರು."

ಸಿಹಿ ನೀರಿನಿಂದಲೇ ಮಗು ಹೋಯಿತೋ, ಹೇಗೂ ಹೋಗುತ್ತಿತ್ತೋ, ನನಗೆ ಗೊತ್ತಿಲ್ಲ. ಕೇಳಿದ ಎರಡು ಸಲದಲ್ಲಿ ಒಂದು ಸಲ ನಿಜ ಹೇಳಿದ್ದರೆ ಡಾಕ್ಟರು ಏನಾದರೂ ಮಾಡುತ್ತಿದ್ದರೋ ಏನೋ. ಆ ಪುಸ್ತಕದಲ್ಲಿ ಯೋಗೀಶ ಇಂದಿಗೂ ಉಪ್ಪುನೀರು ಕುಡಿದು ಸತ್ತ ಮಗು. ಅವನ ಕಣ್ಣು ತೆರೆಸಿದ್ದೇ ಆ ಉಪ್ಪುನೀರು.

ನನ್ನನ್ನು ನೀವು ಸಾಧು, ಯಾರಿಗೂ ಎದುರು ಮಾತನಾಡದವಳು ಎನ್ನುತ್ತೀರಿ. ಅದನ್ನು ಒಳ್ಳೆಯ ಗುಣವೆಂದು ಎಣಿಸಬೇಡಿ.

ಲೀನಾಬಾಯಿ ಕಳೆದ ವರ್ಷ ತೀರಿಕೊಂಡಳು. ಪ್ರತಿ ವರ್ಷ ಆ ತಿಂಗಳಿನಲ್ಲಿ ನನ್ನ ಮಗನ ಹೆಸರಿನಲ್ಲಿ ಇಗರ್ಜಿಯಲ್ಲಿ, ಅವರ ಚರ್ಚಿನಲ್ಲಿ, ಪೂಜೆ ಹೇಳಿಸುತ್ತಿದ್ದಳಂತೆ. ರೋಶನ್ ಬಂದು ಹೇಳಿದ. "ನಿಮ್ಮ ಮಗುವಿಗೆ ಕೊಡಲಿಲ್ಲ ಅಂತ ಅಮ್ಮನಿಗೆ ಕೊನೆಯವರೆಗೂ ಕೊರಗು ಇತ್ತು" ಎಂದ. ನಾನು ಅವನಿಗೆ ಚಹಾ ಮಾಡಿ ಕೊಟ್ಟೆ. ಅವನಿಗೂ ಹೇಳಲಿಲ್ಲ.