ಸಿಂಹದ ಪಕ್ಕದ ತೆನೆ

ಬೆಳಗಿನ ಆರೂ ನಲವತ್ತು. ಬೆಟಗೇರಿಯ ನೇಕಾರರ ಓಣಿಯ ಈ ಮನೆಯ ಪಡಸಾಲೆಗೆ ಬಿಸಿಲು ಬಾಗಿಲಿನಿಂದ ಓರೆಯಾಗಿ, ಬಹುತೇಕ ನೆಲವನ್ನೇ ಸವರಿಕೊಂಡು ಬರುತ್ತದೆ. ಶೇಖವ್ವ ಕಾದು ಕುಳಿತಿರುವುದು ಈ ಬಿಸಿಲಿಗಾಗಿಯೇ. ಎದುರಿಗೆ ಹಾಸಿದ ಕಪ್ಪು ಬಟ್ಟೆಯ ಮೇಲೆ ಒಂದು ರೂಪಾಯಿಯ ಹಳೆಯ ಉಕ್ಕಿನ ನಾಣ್ಯಗಳ ರಾಶಿ. ಒಂದನ್ನು ಎತ್ತಿ, ಅಂಚಿನಲ್ಲಷ್ಟೇ ಹಿಡಿದು, ಬೆಳಕಿಗೆ ಅಡ್ಡವಾಗಿ ಮೂರು ಸಲ ತಿರುಗಿಸುತ್ತಾರೆ. ನಾಲ್ಕು ಸೆಕೆಂಡು. ನಾಣ್ಯ ಬಲಗಡೆಯ ಬುಟ್ಟಿಗೆ ಬೀಳುತ್ತದೆ. ಮತ್ತೊಂದು.

“ನೆತ್ತಿ ಮ್ಯಾಲಿನ ಬಿಸಲಾಗ ಏನೂ ಕಾಣಂಗಿಲ್ಲರಿ, ಎಲ್ಲಾ ಬರೇ ಮಿಂಚತಾವ. ಅಡ್ಡ ಬಿಸಲು ಬೇಕು. ಸೀರಿಯೊಳಗ ಎಳಿ ತಪ್ಪಿದ್ದು ನೋಡಾಕೂ ಇದ ಬಿಸಲು ಬೇಕಿತ್ತು,” ಎನ್ನುತ್ತಾರೆ, ಕಣ್ಣು ಕೀಳದೆ.

ಈ ಬಿಸಿಲು ಇರುವುದು ಒಂದು ಗಂಟೆ ಹತ್ತು ನಿಮಿಷ. ಅಷ್ಟರಲ್ಲಿ ಸುಮಾರು ಸಾವಿರ ನಾಣ್ಯ ಅವರ ಬೆರಳುಗಳನ್ನು ದಾಟುತ್ತವೆ. ಸಂಜೆ ಹಿತ್ತಲ ಬಾಗಿಲಿನಲ್ಲಿ ಮತ್ತಷ್ಟು. ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ನಾಣ್ಯಗಳನ್ನು ಹುಡುಕುವುದು ಅವರ ಕೆಲಸ. ವಾರಕ್ಕೆ ಎರಡೋ ಮೂರೋ ಅನುಮಾನದವು ಸಿಗುತ್ತವೆ. ಅವುಗಳಲ್ಲಿ ನಿಜವಾದದ್ದು ತಿಂಗಳಿಗೆ ಒಂದು ಸಿಕ್ಕರೆ ಹೆಚ್ಚು.

ಶೇಖವ್ವನವರಿಗೆ ಈಗ ಐವತ್ತೇಳು. ಮನೆಯ ಎರಡು ಕೈಮಗ್ಗಗಳು ನಿಂತು ಒಂಬತ್ತು ವರ್ಷಗಳಾದವು. ಮಗ್ಗದ ಗುಂಡಿಯನ್ನು ಹಲಗೆಯಿಂದ ಮುಚ್ಚಲಾಗಿದೆ. ನಾಣ್ಯಗಳ ಚೀಲ ಇರುವುದು ಅದರ ಮೇಲೆಯೇ. ಗದಗ ಪೇಟೆಯಲ್ಲಿ ಹಳೆಯ ನಾಣ್ಯ, ನೋಟುಗಳ ಅಂಗಡಿಯಿಟ್ಟಿರುವ ಮೌಲಾಸಾಬರು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಿರಾಣಿ ಮತ್ತು ಚಹಾದಂಗಡಿಗಳಿಂದ ಚಿಲ್ಲರೆ ಕೂಡಿಸಿ ತರುತ್ತಾರೆ. ಪ್ರತಿ ಸೋಮವಾರ ಎರಡು ಚೀಲ. ಒಂದು ಶೇಖವ್ವನವರಿಗೆ, ಇನ್ನೊಂದು ಅದೇ ಮನೆಯ ನಡುಗೋಡೆಯಾಚೆ ಇರುವ ಅವರ ಭಾವನ ಹೆಂಡತಿ ಬಸವಣ್ಣೆವ್ವನವರಿಗೆ.

ಶೇಖವ್ವನವರ ನಿಜವಾದ ಪರಿಣತಿ ಇರುವುದು ತೀರ ಸೂಕ್ಷ್ಮವಾದ ಒಂದು ತಪ್ಪಿನಲ್ಲಿ. ನಾಣ್ಯ ಮೂಡುವುದು ಎರಡು ಅಚ್ಚುಗಳ ನಡುವೆ. ಲೋಹದ ಬಿಲ್ಲೆ ಬಂದು ಕೂರಬೇಕು, ಆಮೇಲೆ ಅಚ್ಚು ಬಡಿಯಬೇಕು. ಎಂದಾದರೊಮ್ಮೆ ಬಿಲ್ಲೆ ಬರುವುದು ತಪ್ಪಿದರೆ ಅಚ್ಚು ಅಚ್ಚಿಗೇ ಬಡಿದು, ಒಂದರ ಚಿತ್ರದ ಗೆರೆ ಮತ್ತೊಂದರ ಮೈಮೇಲೆ ಉಳಿಯುತ್ತದೆ. ಅಲ್ಲಿಂದಾಚೆ ಆ ಅಚ್ಚಿನಿಂದ ಹೊರಬರುವ ಪ್ರತಿ ನಾಣ್ಯದಲ್ಲೂ ಹಿಂಬದಿಯ ಚಿತ್ರದ ಮಸುಕು ನೆರಳು ಮುಂಬದಿಯಲ್ಲಿ ಕಾಣುತ್ತದೆ. ಒಂದು ರೂಪಾಯಿಯ ನಾಣ್ಯದಲ್ಲಾದರೆ, ಸಿಂಹಗಳ ಪಕ್ಕದ ಖಾಲಿ ಜಾಗದಲ್ಲಿ ಧಾನ್ಯದ ತೆನೆ. ಸಂಗ್ರಾಹಕರು ಇದನ್ನು ‘ಡೈ ಕ್ಲ್ಯಾಶ್’ ಎನ್ನುತ್ತಾರೆ. ಈ ಮನೆಯಲ್ಲಿ ಅದರ ಹೆಸರು ‘ಢಿಕ್ಕಿ’.

ತೊಡಕು ಇಷ್ಟೇ: ಎರಡು ನಾಣ್ಯಗಳನ್ನು ಗ್ಯಾರೇಜಿನಲ್ಲಿ ಲೋಹ ಬಿಗಿಹಿಡಿಯುವ ವೈಸ್‌ನಲ್ಲಿ ಒತ್ತಿ ಬಿಗಿದರೂ ಇಂಥದೇ ಗುರುತು ಮೂಡುತ್ತದೆ. ಅಂಥ ನಕಲಿಗಳು ಬಹಳ. ವ್ಯತ್ಯಾಸವನ್ನು ಶೇಖವ್ವ ಒಂದೇ ಉಸಿರಿನಲ್ಲಿ ಹೇಳುತ್ತಾರೆ: “ಖರೇ ಢಿಕ್ಕಿ ಸಿಂಹನ್ನ ಮುಟ್ಟಂಗಿಲ್ಲರಿ. ಪಕ್ಕಕ್ಕ ಬಂದು ನಿಂದರತೈತಿ. ಖೊಟ್ಟಿದು ಸಿಂಹದ ಮ್ಯಾಲ ಹತ್ತಿ ಕುಂತಿರತೈತಿ.”

ಹೀಗಿದ್ದರೂ ಓಣಿಯಲ್ಲಿ ಹೆಸರಾದವರು ಬಸವಣ್ಣೆವ್ವ. ಹೋದ ವರ್ಷ ಅವರ ರಾಶಿಯಲ್ಲಿ ಐದು ರೂಪಾಯಿಯ ನಾಣ್ಯವೊಂದು ಸಿಕ್ಕಿತು. ಚಿತ್ರ ಅರ್ಧಕ್ಕರ್ಧ ಪಕ್ಕಕ್ಕೆ ಸರಿದಿತ್ತು. ಗದಗಿನ ನಾಣ್ಯ ಪ್ರದರ್ಶನದಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕೆಳಗೆ ‘ಗುರುತಿಸಿದವರು: ಬಸವಣ್ಣೆವ್ವ, ಬೆಟಗೇರಿ’ ಎಂದು ಚೀಟಿ ಬರೆದರು. ಆ ಚೀಟಿ ಈಗ ಬಸವಣ್ಣೆವ್ವನವರ ಪಡಸಾಲೆಯ ಕನ್ನಡಿಯ ಮೂಲೆಯಲ್ಲಿದೆ. ನೀರು ತರಲು ಶೇಖವ್ವ ದಿನಕ್ಕೆ ಆರು ಸಲ ಅದರ ಮುಂದೆ ಹಾಯಬೇಕು.

“ನಾ ಆ ಕಡೆ ಮಾರಿ ಮಾಡಂಗಿಲ್ಲ. ಆ ನಾಣ್ಯ ಗುರುತು ಹಿಡಿಯಾಕ ಕಣ್ಣು ಯಾಕ ಬೇಕರಿ? ಕತ್ತಲಾಗ ಕೈಗೆ ಹತ್ತಿದ್ರೂ ತಿಳೀತಿತ್ತು!”

ಗೋಡೆಯಾಚೆಯಿಂದ ಉತ್ತರ ತಡವಿಲ್ಲದೆ ಬರುತ್ತದೆ: “ಹತ್ತಿದ್ದು ನನ್ನ ಕೈಗೆ ಅಲ್ಲಲೇ, ಶೇಖಿ? ನಿನ್ನ ಕೈ ಎಲ್ಲಿ ಹೋಗಿತ್ತು?”

ಶೇಖವ್ವನವರಿಗೂ ಒಂದು ನಾಣ್ಯ ಸಿಕ್ಕಿತ್ತು. ಯುಗಾದಿಯ ಮರುವಾರ, ಶಿರಹಟ್ಟಿಯ ಚೀಲದಲ್ಲಿ. ಸವೆದ ರೂಪಾಯಿ, ಸಿಂಹಗಳ ಎಡಕ್ಕೆ ಕೂದಲೆಳೆಯಷ್ಟು ತೆಳುವಾದ ತೆನೆ. ಮೌಲಾಸಾಬರು ನಂಬಿದರು. ಪ್ರದರ್ಶನಕ್ಕೆ ನಾಣ್ಯ ಆರಿಸುವವರು ನಂಬಲಿಲ್ಲ. ಇದು ವೈಸ್‌ನಲ್ಲಿ ಒತ್ತಿದ್ದು ಎಂದು ಹಿಂದಿರುಗಿಸಿದರು. ಅದೇ ಅಚ್ಚಿನ, ಅದೇ ಜಾಗದಲ್ಲಿ ಅದೇ ಗುರುತಿರುವ ಇನ್ನೊಂದು ನಾಣ್ಯ ತಂದರೆ ಒಪ್ಪುವುದಾಗಿ ಹೇಳಿದರು. ಗಡುವು ಈ ವರ್ಷದ ಪ್ರದರ್ಶನ. ಏಳು ತಿಂಗಳಿಂದ ಶೇಖವ್ವ ಆ ಜೋಡಿಯನ್ನು ಹುಡುಕುತ್ತಿದ್ದಾರೆ.

ಇಲ್ಲಿ ಮಗ್ಗದ ಕಾಲದ ಒಂದು ಪದ್ಧತಿಯನ್ನು ಹೇಳಬೇಕು. ನೇಯ್ದವರು ತಮ್ಮ ಸೀರೆಯ ದೋಷವನ್ನು ತಾವೇ ನೋಡುತ್ತಿರಲಿಲ್ಲ. ನೇಯ್ದ ಕಣ್ಣಿಗೆ ತನ್ನ ತಪ್ಪು ಕಾಣದೆಂದು ಮನೆಯ ಇನ್ನೊಬ್ಬರು ನೋಡುತ್ತಿದ್ದರು. ಯಾರು ನೋಡಿದರೂ ಸೀರೆ ನೇಯ್ದವರದೇ. ನಾಣ್ಯಕ್ಕೂ ಅದೇ ನಡೆದುಬಂದಿದೆ. ಸಂಜೆ ಇಬ್ಬರೂ ತಾವು ಬೇಡವೆಂದು ಬಿಟ್ಟ ಬುಟ್ಟಿಗಳನ್ನು ಅದಲು ಬದಲು ಮಾಡಿಕೊಂಡು ಮತ್ತೊಮ್ಮೆ ನೋಡುತ್ತಾರೆ. ಏನಾದರೂ ಸಿಕ್ಕರೆ, ಅದು ಬುಟ್ಟಿ ಯಾರದೋ ಅವರದು.

ಹೋದ ವಾರದ ಮಂಗಳವಾರ ಸಂಜೆ, ಬಸವಣ್ಣೆವ್ವ ಬಿಟ್ಟ ಬುಟ್ಟಿಯಲ್ಲಿ, ಮುಂಡರಗಿಯ ಚಿಲ್ಲರೆಯ ನಡುವೆ, ಶೇಖವ್ವನವರಿಗೆ ಆ ಜೋಡಿ ಸಿಕ್ಕಿತು. ಅವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಯಾರಿಗೂ ಹೇಳಲಿಲ್ಲ. ಬುಧವಾರ ಹೇಳಲಿಲ್ಲ. ಗುರುವಾರವೂ ಇಲ್ಲ.

ಮುಂದಿನದನ್ನು ನೆಗೆಣ್ಣಿಯರಿಬ್ಬರೂ ಒಟ್ಟಿಗೇ ಕುಳಿತು, ಒಬ್ಬರನ್ನೊಬ್ಬರು ತಿದ್ದುತ್ತ ಹೇಳುತ್ತಾರೆ. ಶನಿವಾರ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಬಸವಣ್ಣೆವ್ವ ಕೇಳಿದರಂತೆ, “ಲೇ, ನಾಕು ದಿನ ಆತು, ಆ ಸೆರಗ ಯಾಕ ಹಂಗ ಗಂಟ ಹಾಕ್ಕೊಂಡಿ? ಬಂಗಾರ ಕಟಗೊಂಡೀಯೇನ?”

“ನಿಂದ ಐತಿ. ತಗೋ,” ಎಂದು ಶೇಖವ್ವ ಗಂಟು ಬಿಚ್ಚಿ ಕೈಗಿಟ್ಟರು. “ಢಿಕ್ಕಿ ಐತಿ. ನಿನ್ನ ಬುಟ್ಟ್ಯಾಗ ಇತ್ತು. ನಿನಗ ಕಾಣಲಿಲ್ಲ.”

“ಮತ್ತ ನಾಕು ದಿನ ಯಾಕ ಬಾಯಿ ಮುಚಗೊಂಡಿದ್ದಿ?”

“ಹೊಟ್ಟಿಕಿಚ್ಚು, ಅಕ್ಕ. ಮತ್ತೇನ?”

“ಉಂಡೂ ಇಲ್ಲ ಈಕಿ, ನಾಕು ದಿನ,” ಎಂದು ಬಸವಣ್ಣೆವ್ವ ಸೇರಿಸುತ್ತಾರೆ. “ಉಂಡೇನಿ. ಒಪ್ಪತ್ತು ಉಂಡೇನಿ,” ಎಂದು ಶೇಖವ್ವ ತಿದ್ದುತ್ತಾರೆ.

ಇಂದು ಸೋಮವಾರ, ಮೌಲಾಸಾಬರು ಚೀಲಗಳೊಂದಿಗೆ ಬಂದಿದ್ದಾರೆ. ಎರಡೂ ನಾಣ್ಯಗಳನ್ನು ಕಪ್ಪು ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿಯುತ್ತಾರೆ. ಎರಡರಲ್ಲೂ ತೆನೆಯ ಮೂರನೆಯ ಕಾಳಿನ ಬಳಿ ಗೆರೆ ಒಂದೇ ರೀತಿ ಮುರಿದಿದೆ. ಎರಡರಲ್ಲೂ ಅದು ಸಿಂಹದ ಅಂಚಿಗೆ ಬಂದು ನಿಲ್ಲುತ್ತದೆ. ಒಂದೇ ಅಚ್ಚು, ಸಂಶಯಕ್ಕೆ ಎಡೆಯಿಲ್ಲ. ಶೇಖವ್ವ ಏಳು ತಿಂಗಳಿಂದ ಹೇಳುತ್ತಿದ್ದುದು ಸರಿ.

ಆದರೆ ಎರಡರ ನಡುವೆ ಒಂದು ಅಂತರವೂ ಇದೆ. ಬಸವಣ್ಣೆವ್ವನವರ ನಾಣ್ಯ ಕಡಿಮೆ ಸವೆದದ್ದು. ಅದರಲ್ಲಿ ತೆನೆಯ ಕಾಳುಗಳನ್ನು ಎಣಿಸಬಹುದು.

ಮೌಲಾಸಾಬರು ಗಡ್ಡ ಕೆರೆದುಕೊಳ್ಳುತ್ತಾರೆ. “ಪೆಟ್ಟಿಗ್ಯಾಗ ಇಡಾಕ ಒಂದಕ್ಕ ಜಾಗಾ ಕೊಟ್ಟಾರ್ರಿ ಪ್ರದರ್ಶನದವರು. ಎರಡೂ ತೋರಸತೇನಿ, ಸಾಕ್ಷಿಗೆ. ಇಡೂದು ಒಂದ. ಯಾವುದು ಇಡೂಣು? ಶೇಖವ್ವಾರ, ನೀವ ಹೇಳ್ರಿ. ನಿಮ್ಮ ಕಣ್ಣಿನ ಮ್ಯಾಲ ನನ್ನ ದುಕಾನ ನಿಂತೈತಿ.”

ಪ್ರತಿ ನಾಣ್ಯಕ್ಕೆ ನಾಲ್ಕು ಸೆಕೆಂಡು ಸಾಕಾಗುವ ಶೇಖವ್ವ ಈಗ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ನೋಡುತ್ತಾರೆ. ಮೊದಲು ತಮ್ಮದನ್ನು, ಆಮೇಲೆ ಅದನ್ನು, ಮತ್ತೆ ತಮ್ಮದನ್ನು.

“ಅಕ್ಕಂದು ಇಡ್ರಿ,” ಎಂದು ಶೇಖವ್ವ ಬಿಸಿಲಿನ ಕಡೆ ತಿರುಗುತ್ತಾರೆ. “ಅದ ಚೊಲೊ ಐತಿ.”

“ಚೀಟಿ ಮ್ಯಾಲ ನನ್ನ ಹೆಸರ ಬರಿಬೇಕ ನೋಡ್ರಿ ಮತ್ತ,” ಎನ್ನುತ್ತಾರೆ ಬಸವಣ್ಣೆವ್ವ, ಮೌಲಾಸಾಬರಿಗೆ. ಆಮೇಲೆ ದನಿ ತಗ್ಗಿಸಿ, “ಆಕಿದೂ ಕೆಳಗ ಸಣ್ಣದಾಗಿ ಬರೀರಿ.”

“ಸಣ್ಣದಾಗಿ ಬ್ಯಾಡ, ಬ್ಯಾಡಂದ್ರ ಬ್ಯಾಡ!” ಶೇಖವ್ವನವರ ದನಿಯಲ್ಲಿ ಕಿಡಿಯಿದೆ. ಮೌಲಾಸಾಬರು ನಗುತ್ತ ನಾಣ್ಯಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಡುತ್ತಾರೆ.

ಹೊಸ ಚೀಲದ ಬಾಯಿ ಬಿಚ್ಚುತ್ತ ಶೇಖವ್ವ ಹೇಳುತ್ತಾರೆ: “ಹೊಟ್ಟಿ ಉರಿತೈತ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಆಕಿದು ಚೊಲೊ ಐತಿ ಅಂತ ಹೇಳಾಕೂ ನಾನ ಬೇಕಾತಲ್ಲರಿ.”